ಮಾವನವರು ಕ್ಷ, ಇವರು ಯ

ನಾನು ನಿವೃತ್ತಳಾದ ವರ್ಷವೇ ದೇಶಕ್ಕೆ ಸ್ವಾತಂತ್ರ್ಯ ಬಂತು. ಎರಡಕ್ಕೂ ಸೇರಿಸಿ ಶಾಲೆಯಲ್ಲಿ ಒಂದೇ ಸಲ ಪೇಢೆ ಹಂಚಿದರು. ಹುಡುಗಿಯರು ಯಾವುದರ ಖುಷಿಗೆ ಹೆಚ್ಚು ತಿಂದರು ಎಂದು ನಾನು ಕೇಳಲು ಹೋಗಲಿಲ್ಲ. ಕೆಲವು ಲೆಕ್ಕಗಳನ್ನು ಬಿಡಿಸದೆ ಇರುವುದೇ ಕ್ಷೇಮ.

ಈಗ ಮಧ್ಯಾಹ್ನದ ಹೊತ್ತಿಗೆ ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕಿಯರು ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾರೆ, ಅವಲಕ್ಕಿ ತಿನ್ನುತ್ತಾರೆ, ಆಮೇಲೆ ಎಲ್ಲರೂ ಒಂದೇ ಗೋಳು ಹೇಳಿಕೊಳ್ಳುತ್ತಾರೆ. “ಅಕ್ಕೋರ, ಸಮೀಕರಣ ಬರದು ಕೊಟ್ಟರ ಹುಡಿಗ್ಯಾರು ಸರಸರ ಬಿಡಸ್ತಾರ್ರಿ. ಅದನ್ನ ಮಾತಿನ ಲೆಕ್ಕ ಮಾಡಿ ಕೊಟ್ಟರ ಕಣ್ಣು ಕಣ್ಣು ಬಿಡ್ತಾರ. ಏನ್ ಮಾಡೂದ್ರಿ?” ಅವರಿಗೆ ಒಂದು ಗುಟುಕಿನಲ್ಲಿ ಹೇಳುವ ಉತ್ತರ ನನ್ನ ಬಳಿ ಇಲ್ಲ. ಇದ್ದಿದ್ದರೆ ನಾನು ಇಷ್ಟು ವರ್ಷ ಗಂಟಲು ಹರಿದುಕೊಳ್ಳುತ್ತಿರಲಿಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾನು ಧಾರವಾಡದ ಕಡೆಯವಳು. ಮದುವೆಯಾಗಿ ಪುಣೆಗೆ ಬಂದೆ. ನಮ್ಮ ಯಜಮಾನರು ಒಂದು ಕಚೇರಿಯಲ್ಲಿ ಕಾರಕೂನರು. ನನ್ನನ್ನು ಓದಿಸಿದವರು ಅವರೇ. ಅದರ ಫಲವನ್ನು ಉಂಡವರೂ ಅವರೇ, ಏಕೆಂದರೆ ಓದಿದ ಮೇಲೆ ನಾನು ಮನೆಯಲ್ಲಿ ಪ್ರತಿಯೊಂದು ಮಾತಿಗೂ ಪುರಾವೆ ಕೇಳತೊಡಗಿದೆ. ಆ ಕಾಟ ತಪ್ಪಲಿ ಎಂದೋ ಏನೋ, ಶನಿವಾರ ಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುವ ಜಾಗ ಖಾಲಿ ಇದೆ ಎಂದು ಅವರೇ ಓಡಿಬಂದು ಹೇಳಿದರು.

ಶಾಲೆ ಇದ್ದದ್ದು ಒಂದು ಹಳೆಯ ವಾಡೆಯಲ್ಲಿ. ನಡುವೆ ಅಂಗಳ, ಸುತ್ತ ಕೋಣೆಗಳು. ಸಂಸ್ಕೃತಕ್ಕೆ ಮಾಳಿಗೆಯ ಗಾಳಿ ಬೆಳಕಿನ ಕೋಣೆ ಸಿಕ್ಕಿತ್ತು. ಗಣಿತಕ್ಕೆ ಸಿಕ್ಕದ್ದು ಹಿಂದೆ ಕುದುರೆ ಕಟ್ಟುತ್ತಿದ್ದ ಲಾಯ. ಮರಾಠಿ ಹುಡುಗಿಯರು ನನ್ನನ್ನು ‘ಬಾಈ’ ಎನ್ನುತ್ತಿದ್ದರು, ನಮ್ಮ ಕಡೆಯ ಕನ್ನಡ ಹುಡುಗಿಯರು ‘ಅಕ್ಕೋರು’ ಎನ್ನುತ್ತಿದ್ದರು. ನಾನು ಕಲಿಸುತ್ತಿದ್ದದ್ದು ಮರಾಠಿಯಲ್ಲಿ, ಬೈಯುತ್ತಿದ್ದದ್ದು ಕನ್ನಡದಲ್ಲಿ. ಬೈಗುಳ ತಾಯ್ನುಡಿಯಲ್ಲೇ ಹದವಾಗಿ ಬರುತ್ತದೆ. ಮರಾಠಿ ಹುಡುಗಿಯರಿಗೂ ಅರ್ಥವಾಗುತ್ತಿತ್ತು, ಅದಕ್ಕೆ ಭಾಷಾಂತರ ಬೇಕಾಗುವುದಿಲ್ಲ.

ಮೊದಲನೆಯ ವರ್ಷದ ಪ್ರತಾಪ ಕೇಳಿ. ಪುಸ್ತಕದಲ್ಲಿ ವಿಲಾಯತಿಯ ಲೆಕ್ಕಗಳು. ಯಾರೋ ಒಬ್ಬ ದೊರೆ ಯಾವುದೋ ಹೊಳೆಯಲ್ಲಿ ಪ್ರವಾಹದ ಜೊತೆಗೆ ಇಷ್ಟು ವೇಗದಲ್ಲಿ, ಪ್ರವಾಹದ ಎದುರು ಇಷ್ಟು ವೇಗದಲ್ಲಿ ದೋಣಿ ನಡೆಸುತ್ತಾನೆ. ದೋಣಿಯ ವೇಗವೆಷ್ಟು, ನೀರಿನ ವೇಗವೆಷ್ಟು ಎಂದು ಪ್ರಶ್ನೆ. ಮಕ್ಕಳಿಗೆ ಹತ್ತಿರವಾಗಲಿ ಎಂದು ನಾನು ಆ ದೊರೆಯನ್ನು ಎತ್ತಿ ನಮ್ಮ ಮುಠಾ ನದಿಯಲ್ಲಿ ಕೂರಿಸಿದೆ. ಬೇಸಿಗೆಯ ದಿನ. ಒಬ್ಬ ಹುಡುಗಿ ಎದ್ದು ನಿಂತು, “ಬಾಈ, ಈಗ ಮುಠೆಯಲ್ಲಿ ಮೊಣಕಾಲು ಮುಳುಗುವಷ್ಟು ನೀರಿಲ್ಲ, ಅವನು ದೋಣಿ ಬಿಟ್ಟು ನಡೆದುಕೊಂಡು ಹೋಗಬಾರದೇ?” ಎಂದಳು. ದೊರೆ ಅಲ್ಲೇ ಕೆಸರಿನಲ್ಲಿ ಉಳಿದ.

ಇನ್ನೊಂದು ಸಲ ಮೊದಲೇ ಬಿಡಿಸಿ ನೋಡದೆ, ಬಾಯಿಗೆ ಬಂದ ಅಂಕಿ ಹಾಕಿ ದೀಪಾವಳಿಯ ಲೆಕ್ಕ ಕೊಟ್ಟೆ. ಮನೆಗೆ ಗಂಡಸರೂ ಹೆಂಗಸರೂ ಸೇರಿ ಇಷ್ಟು ಮಂದಿ ಬಂದರು, ಗಂಡಸರು ತಲೆಗೆ ಇಷ್ಟು, ಹೆಂಗಸರು ತಲೆಗೆ ಇಷ್ಟು, ಒಟ್ಟು ಇಂತಿಷ್ಟು ಚಕ್ಕುಲಿ ತಿಂದರು, ಹಾಗಾದರೆ ಬಂದ ಗಂಡಸರೆಷ್ಟು? ಇಡೀ ತರಗತಿಗೆ ಒಂದೇ ಉತ್ತರ ಬಂತು: ಏಳೂವರೆ. ಹಿಂದಿನ ಸಾಲಿನಿಂದ ಒಂದು ದನಿ ನನ್ನ ಮಾನ ಕಾಪಾಡಿತು. “ಬಾಈ, ಅರ್ಧ ಟಿಕೇಟಿನ ಹುಡುಗ ಒಬ್ಬ ಬಂದಿರಬೇಕು.” ತಂಗಿಯರೇ, ಮನೆಯಲ್ಲಿ ಬಿಡಿಸಿ ನೋಡದ ಲೆಕ್ಕವನ್ನು ಎಂದಿಗೂ ಹಲಗೆಯ ಮೇಲೆ ಬರೆಯಬೇಡಿ.

ಇಂಥ ಪ್ರತಾಪಗಳಲ್ಲೇ ವರ್ಷಗಳು ಕಳೆದವು. ಆಮೇಲೆ ಬಂದವಳು ರಮಾ.

ಗದಗಿನ ಹುಡುಗಿ. ಪುಣೆಯಲ್ಲಿ ನೆಲೆಸಿದ ಕನ್ನಡದವರ ಮನೆಗೆ ಸೊಸೆಯಾಗಿ ಬಂದವಳು. ಗಂಡ ಕಾಲೇಜಿನಲ್ಲಿ ಓದುತ್ತಿದ್ದ. ಮಾವ ಉದಾರಿ, ಸೊಸೆಯೂ ಓದಲಿ ಎಂದು ಶಾಲೆಗೆ ಕಳಿಸಿದ್ದರು. ಮೊದಲ ದಿನ ನಾನು ಹಾಜರಿ ಕೂಗುತ್ತ “ರಮಾ” ಎಂದರೆ ಈ ಹುಡುಗಿ ಹಿಂತಿರುಗಿ ನೋಡಿದಳು, ಯಾರಪ್ಪಾ ಆ ರಮಾ ಎಂದು.

“ನಿನ್ನನ್ನ ಕರೀಲಿಕತ್ತೀನಿ ನಮ್ಮವ್ವಾ! ನಿನ್ನ ಹೆಸರು ನಿನಗ ಗೊತ್ತಿಲ್ಲೇನು?” ಎಂದು ಗದರಿದೆ.

“ಹೊಸಾದು ಅದ ರೀ, ಅಕ್ಕೋರ. ಇನ್ನೂ ರೂಢಿ ಆಗಿಲ್ಲ,” ಎಂದಳು. “ತವರಮನ್ಯಾಗ ನಾ ಚಂಪಾ ಇದ್ದೆ. ಲಗ್ನದಾಗ ಅಕ್ಕಿ ತಾಟಿನ್ಯಾಗ ಉಂಗುರಲೆ ರಮಾ ಅಂತ ಬರದ್ರು.”

“ಹಳೇ ಹೆಸರಿಂದ ಈಗ ಯಾರೂ ಕರಿಯೂದಿಲ್ಲೇನು?”

“ಯಾರು ಕರೀಬೇಕ್ರಿ? ಕರಿಯೋರೆಲ್ಲಾ ಗದಗಿನ್ಯಾಗ ಉಳದಾರ.”

ನಗುತ್ತಲೇ ಹೇಳಿದಳು. ನನಗೆ ಮಾತ್ರ ಎದೆಯಲ್ಲಿ ಚುರುಕ್ ಎಂದಿತು, ಏಕೆಂದರೆ ನನ್ನ ತವರಿನ ಹೆಸರನ್ನೂ ಅದೇ ರೀತಿ ಅಕ್ಕಿಯಲ್ಲಿ ಮುಚ್ಚಿದ್ದರು. ಆದರೆ ಗಣಿತದ ತರಗತಿಯಲ್ಲಿ ಕಣ್ಣೀರಿಗೆ ವೇಳೆ ಇರುವುದಿಲ್ಲ. ಹಾಜರಿ ಮುಂದುವರಿಸಿದೆ.

ಹುಡುಗಿ ಚುರುಕು. ಒಂದು ವಾರದಲ್ಲೇ ನನ್ನ ಹಿಂದೆ ಹಿಂದೆ ಅಂಗಳದವರೆಗೆ ಬಂದು, “ಅಕ್ಕೋರ, ನಾನೂ ನಿಮ್ಹಂಗ ಗಣಿತ ಕಲಿಸಾಕಿ ಆಗಬೇಕಂತ ಅದ ರೀ,” ಎಂದಳು. “ನನ್ಹಂಗ ಬೇಡ, ನನಗಿಂತ ಛಲೋ ಆಗು,” ಎಂದೆ. ಅವತ್ತಿನಿಂದ ಅವಳ ಮೇಲೆ ನನಗೆ ಒಂದು ಕಣ್ಣು ಹೆಚ್ಚು.

ಆ ವರ್ಷ ಎರಡು ಅವ್ಯಕ್ತಗಳ ಲೆಕ್ಕ ಶುರುವಾಯಿತು. ಗೊತ್ತಿಲ್ಲದ್ದು ಒಂದಲ್ಲ, ಎರಡು. ಒಂದಕ್ಕೆ ಕ್ಷ ಎನ್ನಬೇಕು, ಇನ್ನೊಂದಕ್ಕೆ ಯ ಎನ್ನಬೇಕು. ಅಪ್ಪ ಮಗನ ವಯಸ್ಸಿನ ಲೆಕ್ಕ ಕೊಟ್ಟೆ. ಹುಡುಗಿಯರು ಏನು ಮಾಡಿದರು ಗೊತ್ತೇ? ಗೊತ್ತಿಲ್ಲದ್ದೆಲ್ಲ ಕ್ಷ ಎಂದು ಅಪ್ಪನಿಗೂ ಕ್ಷ, ಮಗನಿಗೂ ಕ್ಷ ಹಾಕಿದರು. ಒಬ್ಬಳ ಪಾಟಿಯ ಮೇಲೆ ಅಪ್ಪ ಮಗ ಒಂದೇ ದಿನ ಹುಟ್ಟಿದ್ದರು. ಇನ್ನೊಬ್ಬಳ ಪಾಟಿಯ ಮೇಲೆ ಇಬ್ಬರೂ ಹುಟ್ಟೇ ಇರಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. “ಎಮ್ಮಿ ಮುಂದ ಕಿನ್ನರಿ ಬಾರಿಸಿದ್ಹಂಗಾತು!” ಎಂದು ಕೂಗಾಡಿದೆ.

ಆಗ ರಮಾ ಮೆಲ್ಲಗೆ ಎದ್ದಳು. “ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನಮ್ಮ ಮನ್ಯಾಗೂ ಹಿಂಗ ಆಗಿತ್ತು. ನಮ್ಮಲ್ಲೆ ಇಬ್ಬರು ‘ಇವರು’ ಇದ್ದಾರ್ರಿ.”

ಹೆಂಡತಿ ಗಂಡನ ಹೆಸರು ಹೇಳುವ ಹಾಗಿಲ್ಲ, ‘ಇವರು’ ಎನ್ನಬೇಕು; ಸೊಸೆ ಮಾವನ ಹೆಸರನ್ನೂ ಹೇಳುವ ಹಾಗಿಲ್ಲ. ಇದು ನಮ್ಮ ಕಡೆಯೂ ಇದೆ, ಪುಣೆಯಲ್ಲೂ ಇದೆ. ರಮಾಳ ಅತ್ತೆಗೆ ‘ಇವರು’ ಎಂದರೆ ಅವರ ಯಜಮಾನರು. ರಮಾಳಿಗೆ ‘ಇವರು’ ಎಂದರೆ ಅವಳ ಗಂಡ. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಅತ್ತೆ ಒಲೆಯ ಮುಂದಿನಿಂದ, “ರಮಾ, ಈ ಕಷಾಯ ಇವರಿಗೆ ಕೊಡು,” ಎಂದರಂತೆ. ಬೇವು, ಅಮೃತಬಳ್ಳಿ, ಇನ್ನೇನೇನೋ ಕುದಿಸಿದ ಕಷಾಯ. ಸೊಸೆ ಭಯಭಕ್ತಿಯಿಂದ ಅದನ್ನು ಒಯ್ದು ತನ್ನ ‘ಇವರಿಗೆ’ ಕೊಟ್ಟಳು. ಗಂಡನಿಗೆಂದು ಇಟ್ಟಿದ್ದ ಸಕ್ಕರೆ ಸುರಿದ ಚಹಾ ಮಾವನಿಗೆ ಹೋಯಿತು. ವೈದ್ಯರು ಮಾವನಿಗೆ ಸಕ್ಕರೆ ಮುಟ್ಟಬೇಡಿ ಎಂದು ಎಷ್ಟೋ ತಿಂಗಳಾಗಿತ್ತು. ಅವರು ಒಂದು ಮಾತೂ ಆಡದೆ ಕುಡಿದು, ಇನ್ನೊಂದು ಬಟ್ಟಲು ಕೇಳಿದರು. ಆ ಕಡೆಯ ಕೋಣೆಯಲ್ಲಿ ಗಂಡ ಓಕರಿಸುತ್ತಿದ್ದ.

“ಅವತ್ತ ಅತ್ಯಾರು ಒಂದು ಪದ್ಧತಿ ಮಾಡಿದ್ರು,” ಎಂದಳು ರಮಾ. “ನಾ ದೊಡ್ಡವರಿಗೆ ಮಾವನವರು ಅನ್ನಬೇಕು, ಸಣ್ಣವರಿಗೆ ಇವರು ಅನ್ನಬೇಕು. ಅತ್ಯಾರೂ ನನ್ನ ಮುಂದ ತಮ್ಮವರಿಗೆ ಮಾವನವರು ಅಂತಾರ. ಇಬ್ಬರು ಇದ್ದರ ಎರಡು ಗುರುತು ಬೇಕ್ರಿ. ಇಲ್ಲಾಂದ್ರ ಕಷಾಯ ಯಾರಿಗೆ ಹೋಗತದ, ಚಹಾ ಯಾರಿಗೆ ಹೋಗತದ, ದೇವರಿಗೇ ಗೊತ್ತು.”

ಅವಳು ಹೇಳಿದ್ದನ್ನು ನಾನು ಮರಾಠಿಯಲ್ಲಿ ಹೇಳುವಷ್ಟರಲ್ಲಿ ಲಾಯವೆಲ್ಲ ನಗೆಯಿಂದ ತುಂಬಿಹೋಯಿತು. ನಗು ನಿಂತ ಮೇಲೆ ಪಾಟಿಗಳನ್ನು ನೋಡುತ್ತೇನೆ, ಒಬ್ಬಳೂ ತಪ್ಪಿಲ್ಲ! ಅಪ್ಪನಿಗೆ ಕ್ಷ, ಮಗನಿಗೆ ಯ. ಆಗ ನನಗೆ ಹೊಳೆಯಿತು. ಈ ಹುಡುಗಿಯರು ಹುಟ್ಟಿದಂದಿನಿಂದ ಅವ್ವಂದಿರ ಬಾಯಲ್ಲಿ ಬೀಜಗಣಿತವನ್ನೇ ಕೇಳುತ್ತಿದ್ದಾರೆ. ಹೆಸರು ಹೇಳದೆ ಒಬ್ಬ ಮನುಷ್ಯನ ಊಟ, ನಿದ್ದೆ, ಸಿಟ್ಟು, ಕೆಮ್ಮು ಎಲ್ಲವನ್ನೂ ದಿನವಿಡೀ ಮಾತಾಡುವ ಕಲೆ ಇವರಿಗೆ ಕರತಲಾಮಲಕ. ನಾನು ಹೊಸದಾಗಿ ಕಲಿಸುವುದೇನಿದೆ?

ಅಂದಿನಿಂದ ನನ್ನ ಪದ್ಧತಿ ಬದಲಾಯಿತು. ಲೆಕ್ಕ ಓದಿದ ಕೂಡಲೇ ಸೀಮೆಸುಣ್ಣ ಹಿಡಿಯುವಂತಿಲ್ಲ. ಮೊದಲು ಎದ್ದು ನಿಂತು, ಯಾರ ಹೆಸರನ್ನೂ ಎತ್ತದೆ, ಮನೆಯ ಮಾತಿನಂತೆ ಲೆಕ್ಕವನ್ನು ಹೇಳಬೇಕು. ಗುರುತು ಇಟ್ಟಾದ ಮೇಲೆ, ಎಷ್ಟು ಮಂದಿ ಗೊತ್ತಿಲ್ಲವೋ ಅಷ್ಟು ಸುದ್ದಿ ಕೈಯಲ್ಲಿದೆಯೇ ನೋಡಬೇಕು. ಇಬ್ಬರ ವಿಷಯಕ್ಕೆ ಒಂದೇ ಸುದ್ದಿ ಇದ್ದರೆ ಅದು ಓಣಿಯ ಗಾಳಿಮಾತು. ಎರಡು ಸುದ್ದಿ ಇದ್ದರೆ ಲೆಕ್ಕ. ಆಮೇಲೆ ಒಂದರಲ್ಲಿ ಇನ್ನೊಂದನ್ನು ಕಳೆದು ಒಬ್ಬರನ್ನು ಹೊರಗೆ ಕಳಿಸಬೇಕು. ಉಳಿದವರು ತಾವಾಗಿಯೇ ಬಾಯಿ ಬಿಡುತ್ತಾರೆ.

ಒಂದು ದಿನ ಮೋಠ್ಯಾ ಬಾಈ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಮುಖ್ಯಾಧ್ಯಾಪಿಕೆಯನ್ನು ನಮ್ಮಲ್ಲಿ ಹಾಗೆ ಕರೆಯುತ್ತಿದ್ದರು. ಕಟ್ಟುನಿಟ್ಟಿನ ಹೆಂಗಸು, ಸೆರಗಿನ ಮಡಿಕೆ ಕೂಡ ಅವರ ಮಾತು ಕೇಳುತ್ತಿತ್ತು. “ಮುತಾಲಿಕ ಬಾಈ, ಇಲ್ಲಿ ನಡೆಯುತ್ತಿರುವುದು ಬೀಜಗಣಿತವೋ ಅರಿಶಿನ ಕುಂಕುಮವೋ?” ಎಂದರು.

“ಸದ್ಯಕ್ಕೆ ಎರಡೂ, ಬಾಈ,” ಎಂದೆ.

ಅವರು ನಗಲಿಲ್ಲ. ನಗುವ ಸುದ್ದಿಯನ್ನು ಅವರು ತಂದಿರಲಿಲ್ಲ. ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರಾದ ರಾವಸಾಹೇಬರಿಗೆ ಹೆಣ್ಣುಮಕ್ಕಳಿಗೆ ಬೀಜಗಣಿತ ಬೇಡ ಎನ್ನಿಸಿತ್ತು. ಅದರ ಬದಲು ಮನೆಲೆಕ್ಕ, ಹೊಲಿಗೆ. ಮಾತು ಅಷ್ಟಕ್ಕೇ ನಿಂತಿರಲಿಲ್ಲ, ಹೊಲಿಗೆ ಯಂತ್ರ ಆಗಲೇ ಬಂದುಬಿಟ್ಟಿತ್ತು. ಬೇರೆಲ್ಲೂ ಜಾಗವಿಲ್ಲವೆಂದು ಅದನ್ನು ನಮ್ಮ ಲಾಯದ ಮೂಲೆಯಲ್ಲೇ ಇಟ್ಟರು. ನಾನು ಪಾಠ ಮಾಡುವಾಗಲೆಲ್ಲ ಬಿಳಿ ಬಟ್ಟೆ ಹೊದ್ದು ಅದು ಅಲ್ಲಿ ಕಾಯುತ್ತ ಕೂತಿರುತ್ತಿತ್ತು.

ರಾವಸಾಹೇಬರು ಕೆಟ್ಟವರಲ್ಲ. ನಮ್ಮ ಕನ್ನಡ ಸೀಮೆಯಲ್ಲಿ ಸೇತುವೆ ಕಟ್ಟಿಸಿ ನಿವೃತ್ತರಾದ ಎಂಜಿನಿಯರು. ನನ್ನನ್ನು ಕರೆಸಿ ಸಮಾಧಾನದಿಂದಲೇ ಕೇಳಿದರು, “ಬೀಜಗಣಿತ ಕಲಿತರೆ ಹೋಳಿಗೆ ಉಬ್ಬುತ್ತದೆಯೇ, ಬಾಈ?” ನನ್ನ ನಾಲಿಗೆ ನನ್ನ ಮಾತು ಎಂದು ಕೇಳಿದೆ? “ಹೊಲಿಗೆ ಕಲಿತರೆ ಸೇತುವೆ ನಿಲ್ಲುತ್ತದೆಯೇ, ರಾವಸಾಹೇಬ?” ಎಂದುಬಿಟ್ಟೆ. ಮೋಠ್ಯಾ ಬಾಈ ನನ್ನ ಸೆರಗು ಹಿಡಿದು ಜಗ್ಗಿದರು. ರಾವಸಾಹೇಬರು ಮಾತ್ರ ಹುಬ್ಬೇರಿಸಿ, “ಆಯಿತು. ನಾನೇ ಒಂದು ಲೆಕ್ಕ ಮಾಡಿ ತರುತ್ತೇನೆ. ನಾನು ಹೇಳಿದ ಹುಡುಗಿ ಬಿಡಿಸಬೇಕು. ಬಿಡಿಸಿದರೆ ನಿಮ್ಮ ತರಗತಿ ಇರುತ್ತದೆ. ನೀವು ನಡುವೆ ಬಾಯಿ ಹಾಕಬಾರದು, ಅದೊಂದು ಶರತ್ತು,” ಎಂದರು. ಅವರು ನನ್ನನ್ನು ಚೆನ್ನಾಗಿಯೇ ಅಳೆದಿದ್ದರು.

ಸುದ್ದಿ ಕೇಳಿ ರಮಾಳ ಮುಖ ಬಾಡಿತು. “ಅತ್ಯಾರು ಆಗಲೇ ಅಂದ್ರು ರೀ, ಬರೇ ಹೊಲಿಗಿ ಕಲಿಯೂದಿದ್ದರ ಮನ್ಯಾಗ ನಾನ ಕಲಸ್ತೇನಿ, ಸಾಲಿಗೆ ಯಾಕ ಹೋಗಬೇಕು ಅಂತ. ತರಗತಿ ಮುಚ್ಚಿದ್ರ ನನ್ನ ಸಾಲಿನೂ ಮುಚ್ಚಿತು, ಅಕ್ಕೋರ.” “ತಲಿ ಕೆಡಿಸ್ಕೋಬ್ಯಾಡ, ಗುರುತು ಸರಿಯಾಗಿ ಇಡು, ಮುಂದಿಂದು ತಾನ ಆಗತದ,” ಎಂದೆ. ಅವತ್ತು ಮನೆಗೆ ಹೋಗಿ ನಾನು ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ. ಯಜಮಾನರು ಪುರಾವೆ ಕೇಳದೆ ಉಂಡರು.

ಪರೀಕ್ಷೆಯ ದಿನ ರಾವಸಾಹೇಬರು ತಲೆಗೆ ರುಮಾಲು ಸುತ್ತಿಕೊಂಡು, ಬೆತ್ತ ಹಿಡಿದು ಬಂದರು. ತರಗತಿಯನ್ನೊಮ್ಮೆ ನೋಡಿ, “ಕೇಶವರಾವಜಿಯ ಸೊಸೆ ಯಾರು?” ಎಂದರು. ರಮಾಳ ಮಾವ ದಿನಾ ಬೆಳಿಗ್ಗೆ ಅವರ ಜೊತೆ ಪರ್ವತಿ ಗುಡ್ಡ ಹತ್ತುವ ಗೆಳೆಯರು. ರಮಾ ಎದ್ದಳು. ಗೆಳೆಯನ ಸೊಸೆಯೆಂದು ರಾವಸಾಹೇಬರು ಅಕ್ಕರೆಯಿಂದ ಕನ್ನಡಕ್ಕೇ ಇಳಿದರು. “ಬಾ, ಬಾ, ನನಗೂ ಕಾನಡಿ ಬರತದ. ಲೆಕ್ಕ ಗಟ್ಟಿಯಾಗಿ ಓದು, ಆಮೇಲೆ ಬಿಡಿಸು,” ಎಂದು ಚೀಟಿ ಕೊಟ್ಟರು.

ರಮಾ ಚೀಟಿ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಕಿವಿ ಕೆಂಪಾದವು. ಮತ್ತೆ ತೆರೆದಳು, ಮತ್ತೆ ಮುಚ್ಚಿದಳು. ರಾವಸಾಹೇಬರು ಮೋಠ್ಯಾ ಬಾಈ ಕಡೆ ತಿರುಗಿ, ಓದುವುದಕ್ಕೇ ಬರುವುದಿಲ್ಲವಲ್ಲ ಎಂಬಂತೆ ನೋಡಿದರು. ನಾನು ಮೆಲ್ಲಗೆ ಸರಿದು ರಮಾಳ ಹೆಗಲ ಮೇಲಿಂದ ಚೀಟಿಯಲ್ಲಿ ಇಣುಕಿದೆ.

ಬರೆದದ್ದು ಹೀಗಿತ್ತು: ‘ಐದು ವರ್ಷದ ಹಿಂದೆ ಕೇಶವನ ವಯಸ್ಸು ಗೋವಿಂದನ ವಯಸ್ಸಿನ ಮೂರು ಪಟ್ಟು ಇತ್ತು. ಇನ್ನು ಹತ್ತು ವರ್ಷಕ್ಕೆ ಎರಡು ಪಟ್ಟು ಆಗುತ್ತದೆ. ಇಬ್ಬರ ಈಗಿನ ವಯಸ್ಸೆಷ್ಟು?’

ಕೇಶವ ಅವಳ ಮಾವ. ಗೋವಿಂದ ಅವಳ ಗಂಡ. ಗೆಳೆಯನಿಗೆ ಖುಷಿಯಾಗಲಿ ಎಂದು ಆ ಪುಣ್ಯಾತ್ಮರು ಅವರ ಮನೆಯವರ ಹೆಸರನ್ನೇ ಪೋಣಿಸಿ ತಂದಿದ್ದರು! ಆ ಚೀಟಿಯಲ್ಲಿ ಅವಳು ಬಾಯಿಬಿಟ್ಟು ಹೇಳಬಹುದಾದದ್ದು ಅಂಕಿಗಳು ಮಾತ್ರ. ನಾನು ಬಾಯಿ ಹಾಕುವಂತಿಲ್ಲ.

ರಮಾ ಚೀಟಿಯನ್ನು ಕೆಳಗಿಳಿಸಿದಳು. “ಒಂದು ಮನ್ಯಾಗ ಇಬ್ಬರು ಇದ್ದಾರ್ರಿ,” ಎಂದಳು. “ಒಬ್ಬರು ಮಾವನವರು. ಇನ್ನೊಬ್ಬರು ಇವರು.”

“ಯಾರು?” ಎಂದರು ರಾವಸಾಹೇಬರು.

“ಇವರು ರೀ.”

ರಾವಸಾಹೇಬರು ತಿರುಗಿ ಬಾಗಿಲ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಹುಡುಗಿಯರು ಸೆರಗು ಬಾಯಿಗೆ ಒತ್ತಿಕೊಂಡರು. ರಮಾಳಿಗೆ ಈಗ ಹಾದಿ ಸಿಕ್ಕಿತ್ತು. “ಐದು ವರ್ಷದ ಹಿಂದ ಮಾವನವರ ವಯಸ್ಸು ಇವರ ವಯಸ್ಸಿನ ಮೂರು ಪಟ್ಟು ಇತ್ತು. ಹತ್ತು ವರ್ಷದ ಮುಂದ ಎರಡು ಪಟ್ಟು ಆಗತದ. ಮಾವನವರಿಗೆ ಕ್ಷ ಅನ್ನೋಣ, ಇವರಿಗೆ ಯ ಅನ್ನೋಣ,” ಎನ್ನುತ್ತ ಹಲಗೆಯ ಹತ್ತಿರ ಹೋದಳು.

ಬರೆಯತೊಡಗಿದಳು. ಮೊದಲನೆಯ ಸಾಲಿನಲ್ಲೇ ಎಡವಿದಳು. ಕ್ಷದಲ್ಲಿ ಐದು ಕಳೆದವಳು ಯದಲ್ಲಿ ಕಳೆಯುವುದನ್ನು ಮರೆತಳು. ನಾನು ನಾಲಿಗೆ ಕಚ್ಚಿಕೊಂಡೆ. ರಾವಸಾಹೇಬರ ಕಣ್ಣು ಹೊಲಿಗೆ ಯಂತ್ರದ ಕಡೆ ಹೋಯಿತು. ರಮಾ ಕೈ ತಡೆದು, ತನ್ನಷ್ಟಕ್ಕೇ ಎಂಬಂತೆ, “ಐದು ವರ್ಷದ ಹಿಂದ ಮಾವನವರು ಅಷ್ಟ ಸಣ್ಣವರಿದ್ರೇನು? ಇವರೂ ಸಣ್ಣವರಿದ್ರಲ್ಲಾ,” ಎಂದು ಒರೆಸಿ ಸರಿಮಾಡಿದಳು. ಮುಂದೆ ಕೈ ಎಲ್ಲೂ ನಿಲ್ಲಲಿಲ್ಲ. ಒಂದು ಸುದ್ದಿಯಿಂದ ಕ್ಷ ಎಂದರೆ ಮೂರು ಯದಲ್ಲಿ ಹತ್ತು ಕಡಿಮೆ. ಇನ್ನೊಂದರಿಂದ ಕ್ಷ ಎಂದರೆ ಎರಡು ಯಕ್ಕೆ ಹತ್ತು ಹೆಚ್ಚು. ಒಂದರಲ್ಲಿ ಇನ್ನೊಂದನ್ನು ಕಳೆದಳು. ಮಾವನವರು ಹೊರಗೆ ಹೋದರು. ಯ ಸಮ ಇಪ್ಪತ್ತು. ಹಾಗಾದರೆ ಕ್ಷ ಸಮ ಐವತ್ತು.

ಆದರೆ ರಾವಸಾಹೇಬರು ಬೆತ್ತ ಎತ್ತಿ ತೋರಿಸಿದರು. “ಲೆಕ್ಕ ಇನ್ನ ಮುಗದಿಲ್ಲ. ಯ ಅಂದರ ಯಾರು? ಯಾರಿಗೆ ಇಪ್ಪತ್ತು? ಉತ್ತರ ಪೂರ್ತಿ ಹೇಳಬೇಕು.”

ಅವರು ಹೇಳಿದ್ದು ನ್ಯಾಯವೇ. ಕೊನೆಯ ಸಾಲಿನಲ್ಲಿ ಹೆಸರು ಬರೆಯದವರಿಗೆ ಅಂಕ ಕತ್ತರಿಸುತ್ತಿದ್ದವಳು ನಾನೇ. ರಮಾ ನನ್ನನ್ನು ನೋಡಿದಳು, ನೆಲ ನೋಡಿದಳು. ಆಮೇಲೆ ಇದ್ದಕ್ಕಿದ್ದಂತೆ ತಲೆಯೆತ್ತಿ, ಸೆರಗು ಸರಿಮಾಡಿಕೊಂಡು, ಅರಿಶಿನ ಕುಂಕುಮಕ್ಕೆ ಹೋದವರು ಒಡಪು ಹೇಳುವ ರಾಗದಲ್ಲಿ ಹೇಳಿದಳು:

“ಕ್ಷ ಕಳದು ಯ ಉಳದು ಉತ್ತರ ಬಂತು ಇಪ್ಪತ್ತು,
ಗೋವಿಂದರಾಯರ ಹೆಸರು ಹೇಳಲಿಕ್ಕೆ ಇದೇ ಸರಿ ಹೊತ್ತು!”

ಹೆಂಡತಿಯ ಬಾಯಲ್ಲಿ ಗಂಡನ ಹೆಸರು ಬರಬಹುದಾದ ಜಾಗ ಲೋಕದಲ್ಲಿ ಅದೊಂದೇ, ಹೆಸರನ್ನು ಪ್ರಾಸದಲ್ಲಿ ಪೋಣಿಸಿ ಹೇಳುವ ಒಡಪು. ಲಾಯದ ಹಂಚು ಹಾರುವಂತೆ ಹುಡುಗಿಯರು ಚಪ್ಪಾಳೆ ತಟ್ಟಿದರು. ಗದ್ದಲದ ನಡುವೆಯೇ ರಮಾ ವಿನಯದಿಂದ, “ಉಳದವರಿಗೆ ಐವತ್ತು ರೀ. ಅವರ ಹೆಸರು ಮಾತ್ರ ನೀವ ಹೇಳಬೇಕು. ನಾ ಒಡಪಿನ್ಯಾಗೂ ಹೇಳೂ ಹಂಗಿಲ್ಲ,” ಎಂದಳು.

ರಾವಸಾಹೇಬರು ಚೀಟಿ ಇಸಿದುಕೊಂಡು, “ಕೇಶವ...” ಎಂದು ಓದಿದರು. ಅಲ್ಲಿಗೆ ನಿಂತರು. ಆಗ ಅವರಿಗೆ ಹೊಳೆಯಿತು. ರುಮಾಲಿನ ಮೇಲೆ ಕೈ ಹೊಡೆದುಕೊಂಡು, “ಅಯ್ಯೋ ರಾಮಾ! ನಿನ್ನ ಮಾವಗ ಖುಷಿ ಆಗಲಿ ಅಂತ ಹಾಕಿದ್ದೆನಲ್ಲ!” ಎಂದರು. ಎಷ್ಟು ನಕ್ಕರೆಂದರೆ ಬೆತ್ತ ಕೈಜಾರಿ ಬಿತ್ತು. ಕಣ್ಣು ಒರೆಸಿಕೊಂಡು, “ಅದಿರಲಿ, ನಿನ್ನ ಮಾವ ಗುಡ್ಡದ ಮ್ಯಾಲ ದಿನಾ ತನಗ ಐವತ್ತೇ ಅಂತಾನ. ಖರೆ ಏನು?” ಎಂದರು.

“ಇದು ಲೆಕ್ಕದ ಉತ್ತರ ರೀ,” ಎಂದಳು ರಮಾ. “ಮನೀ ಉತ್ತರ ಅಲ್ಲ.”

ಮಾರನೆಯ ದಿನ ಹೊಲಿಗೆ ಯಂತ್ರ ಅಂಗಳ ದಾಟಿ ಎದುರಿನ ಕೋಣೆಗೆ ಹೋಯಿತು. ಹೊಲಿಗೆಯನ್ನೂ ಕಲಿಸಿದರು, ಬೀಜಗಣಿತವೂ ಉಳಿಯಿತು. ನಾನೇ ಅಲ್ಲಿ ರವಿಕೆ ಹೊಲಿಯಲು ಕಲಿತೆ; ಎರಡು ತೋಳು ಒಂದೇ ಅಳತೆಗೆ ಎಂದೂ ಬರಲಿಲ್ಲ. ರಮಾಳ ಅತ್ತೆಯ ಕಿವಿಗೆ ಸುದ್ದಿ ಬಿದ್ದಾಗ ಅವರು ಮೊದಲು ಉರಿದುಬಿದ್ದರಂತೆ, ಸೊಸೆ ತುಂಬಿದ ತರಗತಿಯಲ್ಲಿ ಗಂಡನ ಹೆಸರು ಹೇಳಿದಳಲ್ಲ ಎಂದು. ಒಡಪಿನಲ್ಲಿ ಹೇಳಿದ್ದು ಎಂದು ತಿಳಿದ ಮೇಲೆ ಮೆತ್ತಗಾಗಿ, ಅದನ್ನು ತಮಗೂ ಬಾಯಿಪಾಠ ಮಾಡಿಸು ಎಂದರು. ಪುಣ್ಯಕ್ಕೆ ಐವತ್ತಕ್ಕೂ ಹೊತ್ತಿಗೂ ಪ್ರಾಸ ಕೂಡುತ್ತದೆ. ಮುಂದಿನ ಅರಿಶಿನ ಕುಂಕುಮದಲ್ಲಿ ಆ ತಾಯಿ ಕ್ಷ, ಯ ಎಂದು ರಾಗವಾಗಿ ಹೇಳಿ ಮೆಚ್ಚುಗೆ ಪಡೆದರೆಂದು ಕೇಳಿದ್ದೇನೆ.

ರಮಾ ಮೆಟ್ರಿಕ್ ಮುಗಿಸಿದಳು, ಕಾಲೇಜು ಮುಗಿಸಿದಳು, ನಮ್ಮ ಶಾಲೆಗೇ ಬಂದು ಕೆಳಗಿನ ತರಗತಿಗಳಿಗೆ ಅಂಕಗಣಿತ ಕಲಿಸತೊಡಗಿದಳು. ನಾನು ನಿವೃತ್ತಳಾದಾಗ ಲಾಯದ ತರಗತಿಯನ್ನು ಅವಳಿಗೆ ಕೊಟ್ಟರು. ಅವಳ ಮೊದಲ ಪಾಠದ ದಿನ, ನಿವೃತ್ತಳಾದವಳಿಗೆ ಮನೆಯಲ್ಲಿ ಕಾಲು ನಿಲ್ಲದೆ, ನಾನೂ ಹೋಗಿ ಕೊನೆಯ ಬೆಂಚಿನಲ್ಲಿ ಹುಡುಗಿಯರ ನಡುವೆ ಕೂತೆ. ತಪ್ಪು ಹಿಡಿಯಲೆಂದೇ ಹೋಗಿದ್ದೆ, ಸುಳ್ಳೇಕೆ ಹೇಳಲಿ.

ಅವಳು ಹಲಗೆಯ ಮೇಲೆ ಲೆಕ್ಕ ಬರೆದಳು: ‘ಚಂಪಾ ಮತ್ತು ರಮಾ ಇವರ ವಯಸ್ಸು ಕೂಡಿಸಿದರೆ ಅರವತ್ತು. ಚಂಪಾಳ ವಯಸ್ಸಿನ ಎರಡು ಪಟ್ಟಿಗೆ ರಮಾ ವಯಸ್ಸು ಕೂಡಿಸಿದರೆ ತೊಂಬತ್ತು. ಯಾರ ವಯಸ್ಸೆಷ್ಟು?’

ಹುಡುಗಿಯರು ಚಂಪಾಳಿಗೆ ಕ್ಷ, ರಮಾಳಿಗೆ ಯ ಎಂದರು. ಒಂದರಲ್ಲಿ ಇನ್ನೊಂದನ್ನು ಕಳೆದರು. ಒಬ್ಬಳು ಎದ್ದು, “ಬಾಈ, ಇಬ್ಬರಿಗೂ ಮೂವತ್ತು ಬರುತ್ತದೆ. ಅವಳಿಜವಳಿಯೇ?” ಎಂದಳು.

“ಅಲ್ಲ,” ಎಂದಳು ರಮಾ. “ಒಬ್ಬಳೇ.”

ಹುಡುಗಿಯರಿಗೆ ಏನೂ ತಿಳಿಯಲಿಲ್ಲ. ನನಗೆ ತಿಳಿಯಿತು. ಕಣ್ಣು ತುಂಬಿ ಹಲಗೆಯ ಮೇಲಿನ ಅಕ್ಷರ ಕಲಸಿಹೋದವು. ಗಣಿತದ ತರಗತಿಯಲ್ಲಿ ನಾನು ಅತ್ತದ್ದು ಅದೊಂದೇ ಸಲ, ಅದೂ ನಿವೃತ್ತಳಾದ ಮೇಲೆ. ಹಾಜರಿ ಕೂಗುವ ನನ್ನ ಹಳೆಯ ದನಿಯಲ್ಲಿ ಕೊನೆಯ ಬೆಂಚಿನಿಂದ ಕರೆದೆ:

“ಚಂಪಾ!”

ಯಾರಪ್ಪಾ ಆ ಚಂಪಾ ಎಂದು ಅವಳು ಹಿಂತಿರುಗಿ ನೋಡಲಿಲ್ಲ. ಸೀಮೆಸುಣ್ಣ ಹಿಡಿದ ಕೈಯನ್ನು ಮೇಲೆತ್ತಿ, “ಹಾಜರ್ ರೀ, ಅಕ್ಕೋರ,” ಎಂದಳು.